ಬೆಳಗಾಗಬೇಕಿದ್ದ ಮಧ್ಯಾಹ್ನ

“ನನ್ನ ಮೌಸ್ ವೈರ್ ಮುಟ್ಟಿದ್ದು ಯಾರು?”

ಪ್ರಶ್ನೆಯಲ್ಲಿ ‘ಯಾರು’ ಎಂದಿತ್ತೇನೋ ನಿಜ. ಆದರೆ ರಂಗಮಂದಿರದ ಕೊನೆಯ ಸಾಲಿನ ಮೇಲಿದ್ದ ಆ ಪುಟ್ಟ ಗಾಜಿನ ಕೋಣೆಯಲ್ಲಿ ಇದ್ದದ್ದೇ ಇಬ್ಬರು. ಕೇಳಿದವಳನ್ನು ಬಿಟ್ಟರೆ ಉಳಿದವನು ಒಬ್ಬನೇ.

ಅವನು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ತಿರುಗಿದ. “ನನ್ನನ್ನ ಕೇಳಿದ್ರಾ?”

“ಇಲ್ಲ, ಗೋಡೆನ ಕೇಳಿದೆ.”

“ಗೋಡೆ ಪಾಪದ್ದು, ಮುಟ್ಟಿರಲ್ಲ. ನಾನೂ ಮುಟ್ಟಿಲ್ಲ.”

ಅವಳು ನಗಲಿಲ್ಲ. ನಗು ಬಂದಿತ್ತು, ಆದರೆ ಇವನ ಮುಂದೆ ನಗುವುದಿಲ್ಲ ಎಂದು ತಾಲೀಮಿನ ಮೊದಲ ವಾರದಲ್ಲೇ ತೀರ್ಮಾನಿಸಿಬಿಟ್ಟಿದ್ದಳು.

ನಾಟಕದ ತಂಡದಲ್ಲಿ ಅವಳ ಕೆಲಸ ಬೆಳಕು, ಅವನದು ಸದ್ದು. ರಂಗದ ಹಿಂದಿನಿಂದ ಹೆಡ್‌ಸೆಟ್ಟಿನಲ್ಲಿ ಬರುವ ದನಿ ಅವರನ್ನು ಕೆಲಸದ ಹೆಸರಿನಿಂದಲೇ ಕರೆಯುತ್ತಿತ್ತು. ‘ಲೈಟ್ಸ್, ರೆಡಿ? ಸೌಂಡ್, ರೆಡಿ?’ ಅದೇ ರೂಢಿಯಾಗಿ ಅವರೂ ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಿದ್ದರು. ಅವನ ಬಾಯಲ್ಲಿ ಅವಳು ಲೈಟ್ಸ್ ಮೇಡಂ. ಅವಳ ಬಾಯಲ್ಲಿ ಅವನು ಸೌಂಡ್ ಸಾರ್. ಆ ‘ಸಾರ್’ನಲ್ಲಿ ಗೌರವಕ್ಕಿಂತ ಖಾರ ಹೆಚ್ಚು.

ಜಗಳವೆಲ್ಲ ಕರೆಂಟಿನ ಸಾಕೆಟ್ಟಿನದು. ಕೋಣೆಯಲ್ಲಿ ಒಳ್ಳೆಯ ಸಾಕೆಟ್ ಇದ್ದದ್ದೇ ಎರಡು, ಉಳಿದವು ಸಡಿಲ. ಅವಳು ಎಷ್ಟು ಬೇಗ ಬಂದರೂ ಅವನು ಅದಕ್ಕಿಂತ ಮುಂಚೆ ಬಂದಿರುತ್ತಿದ್ದ. ಆ ಎರಡರಲ್ಲೂ ಅವನ ಪ್ಲಗ್ಗುಗಳು ಕೂತಿರುತ್ತಿದ್ದವು. ಕೇಳಿದರೆ ತಕ್ಷಣ ಒಂದನ್ನು ಕಿತ್ತು ಕೊಡುತ್ತಿದ್ದ, ಅದೂ ನಗುನಗುತ್ತಾ. ಆ ನಗುವೇ ಅವಳಿಗೆ ಇನ್ನಷ್ಟು ಉರಿ.

ಇವತ್ತು ಮೊದಲ ಪ್ರದರ್ಶನ. ಭಾನುವಾರದ ಮಧ್ಯಾಹ್ನ. ಕೆಳಗೆ ಜನ ಒಬ್ಬೊಬ್ಬರಾಗಿ ಬಂದು ಕುರ್ಚಿ ಹುಡುಕುತ್ತಿದ್ದರು. ಲ್ಯಾಪ್‌ಟಾಪ್ ಪರದೆಯ ನಡುಮಧ್ಯದಲ್ಲಿ ಬಾಣದ ಗುರುತು ಅಲ್ಲಾಡದೆ ನಿಂತಿತ್ತು.

“ಆನ್ ಆಫ್ ಮಾಡಿದ್ರಾ?” ಅವನು ಕೇಳಿದ.

“ಮಾಡಿದೆ.”

“ಮೌಸ್ ಕೆಳಗೆ ಕೆಂಪು ದೀಪ ಬರ್ತಾ ಇದೆಯಾ?”

ಅವಳು ಮೌಸನ್ನು ಮಗುಚಿದಳು. ದೀಪ ಇರಲಿಲ್ಲ. ಅಷ್ಟು ಹೊತ್ತು ಅದನ್ನು ನೋಡಬೇಕೆಂದು ತನಗೇ ಹೊಳೆದಿರಲಿಲ್ಲ ಎನ್ನುವುದು ಅವಳಿಗೆ ಇನ್ನೊಂದು ಸಿಟ್ಟು.

“ಟಚ್‌ಪ್ಯಾಡ್?”

“ಅದರ ಮೇಲೆ ಕಾಫಿ ಚೆಲ್ಲಿ ವರ್ಷ ಆಯ್ತು. ಬೆರಳಿಟ್ರೆ ಬಾಣ ಮಿಡತೆ ಥರ ಹಾರುತ್ತೆ.”

“ಬೇರೆ ಸೀನೆಲ್ಲ ಸ್ಪೇಸ್‌ಬಾರ್ ಒತ್ತಿದ್ರೆ ಬದಲಾಗುತ್ತೆ ಅಲ್ವಾ ನಿಮಗೆ?”

“ಬೇರೆ ಸೀನೆಲ್ಲ ಆಗುತ್ತೆ.” ಅವಳ ದನಿ ಸಣ್ಣದಾಯಿತು. “ಕೊನೇದು ಆಗಲ್ಲ.”

ಅವನಿಗೆ ಅದು ಗೊತ್ತಿತ್ತು. ಕೊನೆಯ ದೃಶ್ಯದಲ್ಲಿ ಮಾತೇ ಇಲ್ಲ. ನದಿಯ ದಡದ ಮೆಟ್ಟಿಲ ಮೇಲೆ ಒಬ್ಬ ತಾಯಿ ಇಡೀ ರಾತ್ರಿ ಮಗಳಿಗಾಗಿ ಕಾದಿರುತ್ತಾಳೆ. ಬೆಳಗಾಗುತ್ತದೆ. ಬೆಳಕಿನೊಂದಿಗೆ ದೋಣಿ ಬರುತ್ತದೆ. ಅಷ್ಟೇ. ಆ ಬೆಳಗನ್ನು ಅವಳು ಪರದೆಯ ಮೇಲಿನ ಒಂದು ಗುಂಡಿಯನ್ನು ಮೌಸಿನಿಂದ ಕೂದಲೆಳೆಯಷ್ಟೇ ಎಳೆಯುತ್ತಾ, ನಟಿಯ ಉಸಿರು ನೋಡಿಕೊಂಡು ತರುತ್ತಿದ್ದಳು. ಇಷ್ಟೇ ಹೊತ್ತೆಂದು ಮೊದಲೇ ಲೆಕ್ಕ ಹಾಕಿ ಇಟ್ಟರೆ ಒಂದು ದಿನ ಬೆಳಕು ಮುಂದೆ ಓಡುತ್ತಿತ್ತು, ಒಂದು ದಿನ ನಟಿ.

“ಡೈರೆಕ್ಟರ್ ಏನು ಹೇಳಿದಾರೆ ಗೊತ್ತಲ್ಲ,” ಎಂದಳು. “ಇವತ್ತು ಸರಿಹೋದ್ರೆ ಊರೂರಿನ ಪ್ರವಾಸ ಪೂರ್ತಿ ಲೈಟಿಂಗ್ ನಂದೇ. ಇಲ್ದಿದ್ರೆ ಹೊರಗಿನವರನ್ನ ಕರೆಸ್ತಾರಂತೆ. ಮೂರನೇ ಸಾಲಿನಲ್ಲಿ ನೋಡಿ, ಬೂದು ಕೋಟು. ನಮ್ಮಪ್ಪ.”

ಅವನು ಗಾಜಿಗೆ ಹಣೆ ತಾಗಿಸಿ ನೋಡಿದ. ವಯಸ್ಸಾದವರೊಬ್ಬರು ವೇದಿಕೆಯನ್ನಲ್ಲ, ಮೇಲೆ ತೂಗುವ ದೀಪಗಳನ್ನು ನೋಡುತ್ತಾ ಕೂತಿದ್ದರು. ಈ ತಂಡಕ್ಕೆ ಎಷ್ಟೋ ವರ್ಷ ಬೆಳಕು ಕೊಟ್ಟವರು ಅವರೇ, ಕೈಯಿಂದ ಗುಂಡಿ ತಿರುಗಿಸುತ್ತಾ.

“ಅವರಿಗೆ ಈ ಲ್ಯಾಪ್‌ಟಾಪ್ ಕಂಡ್ರೆ ಆಗಲ್ಲ,” ಅವಳೆಂದಳು. “ಕಂಪ್ಯೂಟರ್‌ನಲ್ಲಿ ಬೆಳಗು ಮಾಡ್ತಾರೇನೇ ಅಂತ ನಗ್ತಾರೆ.”

ಅವನು ಹೆಡ್‌ಫೋನನ್ನು ಪೂರ್ತಿ ತೆಗೆದಿಟ್ಟ. ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ.

“ಕೊಡಿ ಇಲ್ಲಿ. ಮೌಸಿಂದು ತಪ್ಪೋ ಲ್ಯಾಪ್‌ಟಾಪಿಂದು ತಪ್ಪೋ, ಮೊದಲು ಅದನ್ನ ನೋಡೋಣ.”

ಅವಳ ಮೌಸನ್ನು ತನ್ನ ಲ್ಯಾಪ್‌ಟಾಪಿನ ಪಕ್ಕದಲ್ಲಿದ್ದ ಹಬ್‌ಗೆ ಚುಚ್ಚಿದ. ಒಂದೇ ಬಾಯಿಯ ಲ್ಯಾಪ್‌ಟಾಪಿಗೆ ನಾಲ್ಕು ಬಾಯಿ ಕೊಡುವ ಕಪ್ಪು ಪಟ್ಟಿ ಅದು, ಅದಕ್ಕೆಂದೇ ಗೋಡೆಯ ಸಾಕೆಟ್ಟಿಗೆ ಹೋಗುವ ಬೇರೆ ಕರೆಂಟಿನ ವೈರು. ಕೆಂಪು ದೀಪ ಫಕ್ಕನೆ ಹತ್ತಿತು. ಅವನ ಪರದೆಯ ಮೇಲೆ ಬಾಣ ಕುಣಿಯಿತು.

“ಮೌಸ್ ಗಟ್ಟಿಮುಟ್ಟಾಗಿದೆ,” ಎಂದ. “ಒಡತಿ ಥರಾನೇ.”

“ಏನಂದ್ರಿ?”

“ಮೌಸ್ ಚೆನ್ನಾಗಿದೆ ಅಂದೆ.”

ಅವನ ಕಿವಿಯ ತುದಿ ಕೆಂಪಾದದ್ದು ಆ ಮಬ್ಬಿನಲ್ಲೂ ಅವಳಿಗೆ ಕಂಡಿತು. ಕಂಡರೂ ಕಾಣದವಳ ಹಾಗೆ ಲ್ಯಾಪ್‌ಟಾಪ್ ಅವನತ್ತ ತಿರುಗಿಸಿದಳು. ಅವನು ಸೆಟ್ಟಿಂಗ್ಸ್ ತೆರೆದು, ಕೀಬೋರ್ಡಿನ ಕೀಲಿಗಳಲ್ಲೇ ಇಳಿದು ಹತ್ತಿ, ಮೌಸನ್ನು ನಡೆಸುವ ‘ಡ್ರೈವರ್’ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದ. ಏನೂ ಆಗಲಿಲ್ಲ. ಲ್ಯಾಪ್‌ಟಾಪಿಗೆ ಯುಎಸ್‌ಬಿ ತೂತು ಇದ್ದದ್ದು ಎರಡು: ಒಂದರಲ್ಲಿ ಮೌಸು, ಇನ್ನೊಂದರಲ್ಲಿ ಲ್ಯಾಪ್‌ಟಾಪಿನ ಆಜ್ಞೆಯನ್ನು ದೀಪಗಳಿಗೆ ಮುಟ್ಟಿಸುವ ಪುಟ್ಟ ಡಬ್ಬಿ.

“ಎರಡನ್ನೂ ಅದಲುಬದಲು ಮಾಡಿ ನೋಡಲಾ?”

“ಡಬ್ಬಿ ಕಿತ್ರೆ ವೇದಿಕೆ ಕತ್ತಲಾಗುತ್ತೆ.”

“ಒಂದೇ ಕ್ಷಣ.”

ವೇದಿಕೆ ಕತ್ತಲಾಯಿತು. ಕೆಳಗೆ ಜನ ‘ಓ’ ಎಂದರು. ಹೆಡ್‌ಸೆಟ್ಟಿನಲ್ಲಿ ರಂಗನಿರ್ವಾಹಕಿಯ ದನಿ ಸಿಡಿಯಿತು: “ಲೈಟ್ಸ್! ಏನಮ್ಮಾ ಅದು? ಇನ್ನೂ ಮೊದಲನೇ ಬೆಲ್ಲೇ ಹೊಡೆದಿಲ್ಲ!”

“ಅತ್ತಿಗೆ, ಟೆಸ್ಟಿಂಗ್,” ಎಂದ ಅವನು ಅವಳ ಮೈಕಿಗೆ ಬಾಗಿ. ರಂಗನಿರ್ವಾಹಕಿ ಅವನ ಅಣ್ಣನ ಹೆಂಡತಿ. ಈ ಮೊದಲ ಪ್ರದರ್ಶನಕ್ಕೆ ಅವನನ್ನು ಕರೆತಂದವಳೂ ಅವಳೇ.

“ಟೆಸ್ಟಿಂಗ್ ಮಾಡೋಕೆ ಲೈಟ್ಸ್ ಟೇಬಲ್ ಹತ್ರ ನಿನಗೇನು ಕೆಲಸ, ಮೈದುನರೇ?”

ಮೈಕಿಗೆ ಬಾಗಿದ್ದ ಅವನ ಕೆನ್ನೆ ಅವಳ ಕೆನ್ನೆಗೆ ಒಂದು ಗೇಣಿಗಿಂತ ಹತ್ತಿರವಿತ್ತು. ಅವನಿಂದ ಸೋಪಿನ ವಾಸನೆ ಬರುತ್ತಿತ್ತು, ಜೊತೆಗೆ ಬಿಸಿಯಾದ ವೈರಿನದು. ಅವನು ತಟ್ಟನೆ ನೆಟ್ಟಗಾದ.

ಡಬ್ಬಿ ಇದ್ದ ತೂತಿನಲ್ಲಿ ಮೌಸ್ ಕೆಲಸ ಮಾಡಿತು. ಮೌಸ್ ಇದ್ದ ತೂತಿನಲ್ಲಿ ಡಬ್ಬಿ ಸತ್ತಿತು.

“ಸಿಕ್ತು. ಈ ತೂತು ಹೋಗಿದೆ. ಒಂದರಲ್ಲೇ ಎರಡನ್ನೂ ನಡೆಸಬೇಕು. ನಿಮ್ಮ ಹತ್ರ ಹಬ್ ಇದೆಯಾ?”

ಅವಳು ಬ್ಯಾಗು ಸುರಿದಳು. ಬಾಚಣಿಗೆ, ಟೇಪು, ಒಂದು ಸ್ಕ್ರೂಡ್ರೈವರ್, ಪುಟಾಣಿ ಬಿಳಿ ಹಬ್. ಅದಕ್ಕೆ ಎರಡನ್ನೂ ಚುಚ್ಚಿದರು. ಮೌಸಿನ ದೀಪ ಹತ್ತಿತು. ಅವಳು “ಬಂತು!” ಎಂದು ಅವನ ತೋಳು ಹಿಡಿದೇಬಿಟ್ಟಳು. ಡಬ್ಬಿಯ ದೀಪ ಹತ್ತುತ್ತಿದ್ದಂತೆ ಮೌಸಿನದು ಆರಿಹೋಯಿತು. ಅವಳು ತೋಳು ಬಿಟ್ಟಳು.

“ಡಬ್ಬಿ ಒಂದೇ ಕರೆಂಟೆಲ್ಲ ನುಂಗ್ತಾ ಇದೆ,” ಅವನೆಂದ. “ಈ ಹಬ್‌ಗೆ ಅಷ್ಟು ತಾಕತ್ತಿಲ್ಲ. ಬೇರೆ ಕರೆಂಟ್ ಇರೋ ಹಬ್ ಬೇಕು.”

ಇಬ್ಬರೂ ಏಕಕಾಲಕ್ಕೆ ಅವನ ಮೇಜಿನತ್ತ ನೋಡಿದರು. ಅಲ್ಲಿದ್ದ ಕಪ್ಪು ಹಬ್‌ಗೆ ಸದ್ದನ್ನು ಸ್ಪೀಕರಿಗೆ ಕಳಿಸುವ ಅವನ ಸೌಂಡ್‌ಕಾರ್ಡು ಜೋಡಿಸಿತ್ತು. ನಾಟಕದ ಸದ್ದುಗಳೆಲ್ಲ ತುಂಬಿದ್ದ ಹಾರ್ಡ್‌ಡಿಸ್ಕೂ ಅದಕ್ಕೇ.

“ಬೇಡ,” ಅವಳೇ ಮೊದಲು ಹೇಳಿದಳು. “ಅದು ಕೊಟ್ರೆ ನಿಮ್ಮ ಕೆಲಸ ಹೇಗೆ?”

“ನನ್ನ ಲ್ಯಾಪ್‌ಟಾಪಲ್ಲಿರೋ ಒಂದು ತೂತಿಗೆ ಸೌಂಡ್‌ಕಾರ್ಡ್ ಹಾಕ್ತೀನಿ. ನಿಮ್ಮ ಬಿಳಿ ಹಬ್ಬಿಗೆ ಡಿಸ್ಕನ್ನೂ ಹೊರೋ ತಾಕತ್ತಿಲ್ಲ. ಡಿಸ್ಕಲ್ಲಿರೋದನ್ನ ಈಗಲೇ ಲ್ಯಾಪ್‌ಟಾಪಿಗೆ ಕಾಪಿ ಮಾಡ್ಕೊಂಡುಬಿಟ್ರೆ ಆಯ್ತು.”

“ನಾಟಕ ಶುರುವಾಗೋದರೊಳಗೆ ಅಷ್ಟೂ ಆಗುತ್ತಾ?”

“ಆರಾಮಾಗಿ.”

ಮೊದಲ ಬೆಲ್ ಹೊಡೆಯಿತು. ಅವನು ಕಾಪಿಗೆ ಹಚ್ಚಿ, ಪರದೆಯ ಮೇಲೆ ಹಸಿರು ಪಟ್ಟಿ ತೆವಳುವುದನ್ನೇ ನೋಡುತ್ತಾ ಕೂತ. ಅವಳು ಅವನ ಬೆರಳುಗಳನ್ನು ನೋಡಿದಳು. ಆರಾಮಾಗಿ ಎಂದವನ ಬೆರಳುಗಳು ಮೇಜನ್ನು ಬಡಿಯುತ್ತಲೇ ಇದ್ದವು.

“ಒಂದು ಕೇಳಲಾ, ಸೌಂಡ್ ಸಾರ್? ದಿನಾ ಅಷ್ಟು ಬೇಗ ಯಾಕೆ ಬರ್ತೀರಿ? ಸಾಕೆಟ್ಟಿಗಾಗಿ ತಾನೇ?”

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಸಾಕೆಟ್ ನನ್ನ ಹತ್ರ ಇದ್ರೆ ನೀವು ಬಂದು ಕೇಳ್ತೀರಿ. ಇಲ್ದಿದ್ರೆ ನನ್ನ ಜೊತೆ ಮಾತಾಡೋಕೆ ನಿಮಗೇನು ಬೇರೆ ಕಾರಣ ಇತ್ತು?”

ಹೊರಗೆ ಎರಡನೇ ಬೆಲ್ ಹೊಡೆಯಿತು. ಅಷ್ಟು ದಿನ ಸಿಟ್ಟೆಂದುಕೊಂಡು ಮನೆಗೆ ಹೊತ್ತೊಯ್ದು, ಮಲಗುವಾಗಲೂ ಮಗ್ಗುಲಲ್ಲಿಟ್ಟುಕೊಂಡದ್ದು ಸಿಟ್ಟೇ ಆಗಿತ್ತೇ? ಅವಳು ಮೌಸಿನ ವೈರನ್ನು ಸುಮ್ಮನೆ ಬೆರಳಿಗೆ ಸುತ್ತಿದಳು, ಬಿಚ್ಚಿದಳು.

ಅವನು ಪರದೆಯನ್ನು ಇನ್ನೊಮ್ಮೆ ನೋಡಿ, ಏನನ್ನೋ ಲೆಕ್ಕ ಹಾಕಿದವನಂತೆ ತಲೆಯಾಡಿಸಿ, ಹಬ್ಬನ್ನು ಎಳೆದು ಅವಳ ಮೇಜಿಗಿಟ್ಟ.

“ತಗೊಳ್ಳಿ. ನಿಮ್ಮ ಬೆಳಗು.”

“ಕಾಪಿ ಮುಗೀತಾ?”

“ಮುಗೀತು.”

ಡಬ್ಬಿ, ಮೌಸು ಎರಡೂ ಕಪ್ಪು ಹಬ್‌ಗೆ ಸೇರಿದವು. ಅವಳು ಹಬ್ಬಿನ ವೈರನ್ನು ಕೈಗೆ ಸಿಕ್ಕ ಸಾಕೆಟ್ಟಿಗೆ ಚುಚ್ಚಿದಳು. ಎರಡರಲ್ಲೂ ದೀಪ ನಿಂತಿತು. ಬಾಣ ಅವಳ ಕೈ ಹೇಳಿದಂತೆ ಜಾರಿತು. ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಕಣ್ಣು ತೆರೆದಾಗ ಅವನು ತನ್ನ ಮೇಜಿಗೆ ಹೋಗಿಯಾಗಿತ್ತು.

ಮೂರನೇ ಬೆಲ್. ವೇದಿಕೆಯ ಪರದೆ ಸರಿಯಿತು.

ನಾಟಕ ಎಣ್ಣೆ ಹಾಕಿದ ಚಕ್ರದಂತೆ ಉರುಳಿತು. ಸಂತೆಯ ಹಗಲು, ಮನೆಯೊಳಗಿನ ಮಬ್ಬು, ಜಗಳದ ಕೆಂಪು. ಒಂದೊಂದಕ್ಕೂ ಅವಳು ಸ್ಪೇಸ್‌ಬಾರ್ ಒತ್ತಿದಳು. ಒಂದೊಂದಕ್ಕೂ ಅವನ ಬಾಗಿಲ ಸದ್ದು, ನೀರಿನ ಸದ್ದು ಹೊತ್ತಿಗೆ ಸರಿಯಾಗಿ ಬಂದು ಸೇರಿದವು. ಮಗಳು ಮನೆ ಬಿಟ್ಟು ಹೊರಟಾಗ ಕೆಳಗಿನ ಸಾಲುಗಳಲ್ಲಿ ಯಾರೋ ಮೂಗು ಒರೆಸಿಕೊಂಡರು.

ಕೊನೆಯ ದೃಶ್ಯ. ವೇದಿಕೆ ಪೂರ್ತಿ ಕತ್ತಲು. ಮೆಟ್ಟಿಲ ಮೇಲೆ ತಾಯಿ ಮುದುಡಿ ಕೂತಿರುವುದು ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚಾಗಿ ಮನಸ್ಸಿಗೆ ತಿಳಿಯುತ್ತಿತ್ತು.

“ಲೈಟ್ಸ್, ಇನ್ನು ನಿನ್ನ ಕೈಯಲ್ಲಿದೆಯಮ್ಮ,” ಹೆಡ್‌ಸೆಟ್ಟು ಪಿಸುಗುಟ್ಟಿತು.

ಅವಳು ಮೌಸಿಗೆ ಕೈಯಿಟ್ಟಳು. ಗುಂಡಿಯನ್ನು ಹಿಡಿದು ಎಳೆದಳು. ಬಾಣ ಎರಡು ಹೆಜ್ಜೆ ಜಾರಿ ನಿಂತುಬಿಟ್ಟಿತು.

ಅವಳು ಮೌಸನ್ನು ಎತ್ತಿ ನೋಡಿದಳು. ಮೌಸಿನ ಕೆಳಗೆ ಕೆಂಪು ದೀಪ ಮಿಣುಕುತ್ತಿತ್ತು. ಅವಳು ಬಾಯಿ ತೆರೆಯುವ ಮೊದಲೇ ಅವನು ಎದ್ದು ಬಂದು, ಮೇಜಿನ ಕೆಳಗೆ ತೂರಿ, ಗೋಡೆಯಲ್ಲಿ ಜೋತಾಡುತ್ತಿದ್ದ ಹಬ್‌ನ ಪ್ಲಗ್ಗನ್ನು ಅಂಗೈಯಿಂದ ಒತ್ತಿ ಹಿಡಿದ. ಆತುರದಲ್ಲಿ ಅವಳು ಅದನ್ನು ಚುಚ್ಚಿದ್ದು ಸಡಿಲ ಸಾಕೆಟ್ಟಿಗೆ. ದೀಪ ಸ್ಥಿರವಾಯಿತು.

“ನಾನು ಹಿಡ್ಕೊಂಡಿರ್ತೀನಿ,” ಮೊಣಕಾಲೂರಿ ಪಿಸುಗುಟ್ಟಿದ. “ನೀನು ಅವಳ ಉಸಿರು ನೋಡು. ಆತುರ ಬೇಡ.”

‘ನೀನು’ ಎಂದಿದ್ದ. ‘ನೋಡು’ ಎಂದಿದ್ದ. ಅದನ್ನು ನಿಂತು ಕೇಳಿಸಿಕೊಳ್ಳಲು ಸಮಯವಿರಲಿಲ್ಲ. ಅವಳು ಎಳೆದಳು. ವೇದಿಕೆಯ ಹಿಂಬದಿಯಲ್ಲಿ ಕಪ್ಪು ಕರಗಿ ನೀಲಿಯಾಗತೊಡಗಿತು.

“ಸೌಂಡ್, ಹಕ್ಕಿ. ಗೋ,” ಎಂದಿತು ಹೆಡ್‌ಸೆಟ್ಟು.

ಹಕ್ಕಿ ಕೂಗಲಿಲ್ಲ.

ಅವಳು ಕೆಳಗೆ ನೋಡಿದಳು. ಅವನು ಮೇಲೆ ನೋಡಿದ. ಅವನ ಲ್ಯಾಪ್‌ಟಾಪ್ ಪರದೆಯಲ್ಲಿ ‘ಹಕ್ಕಿ’ ಎಂಬ ಸಾಲಿನ ಮುಂದೆ ‘ಫೈಲ್ ಇಲ್ಲ’ ಎಂದಿತ್ತು. ಅದನ್ನು ನೋಡಿದ ತಕ್ಷಣ ಅವಳಿಗೆ ಎಲ್ಲ ಅರ್ಥವಾಯಿತು. ಕಾಪಿ ಮುಗಿದಿರಲಿಲ್ಲ. ಕೊನೆಯ ದೃಶ್ಯದ ಹಕ್ಕಿಗಳು ಡಿಸ್ಕಿನಲ್ಲೇ ಉಳಿದಿದ್ದವು. ಉಳಿಯುತ್ತವೆಂದು ಗೊತ್ತಿದ್ದೇ ಅವನು ಹಬ್ ಕಿತ್ತು ಕೊಟ್ಟಿದ್ದ.

“ಸೌಂಡ್! ಹಕ್ಕಿ ಎಲ್ಲೋ?”

ಅವನು ಒಂದು ಕೈಯಲ್ಲಿ ಪ್ಲಗ್ಗನ್ನು ಒತ್ತಿ ಹಿಡಿದೇ, ಇನ್ನೊಂದು ಕೈಯನ್ನು ತನ್ನ ಮೇಜಿನತ್ತ ಚಾಚಿ, ಪ್ರಕಟಣೆ ಹೇಳುವ ಮೈಕನ್ನು ವೈರು ಹಿಡಿದು ಎಳೆದುಕೊಂಡ. ತುಟಿ ಒದ್ದೆ ಮಾಡಿಕೊಂಡ.

ಮೊದಲು ಬಂದದ್ದು ಒಂದೇ ಒಂದು ಸ್ವರ. ಎಲ್ಲೋ ದೂರದ ಕೊಂಬೆಯಿಂದ, ನಿದ್ದೆಗಣ್ಣಲ್ಲಿ ಕೂಗಿದಂತೆ. ನಿಂತಿತು. ಮತ್ತೆ ಬಂತು, ಈ ಸಲ ಎರಡು ಸ್ವರ. ಆಮೇಲೆ ನದಿಯ ಆಚೆಯಿಂದ ಇನ್ನೊಂದು ಹಕ್ಕಿ ಅದಕ್ಕೆ ಉತ್ತರಿಸಿತು. ಎರಡೂ ಅವನದೇ ಸಿಳ್ಳೆ ಎಂದು ಅಲ್ಲೇ ಕೂತು ನೋಡುತ್ತಿದ್ದ ಅವಳಿಗೂ ನಂಬಲಾಗಲಿಲ್ಲ.

ವೇದಿಕೆಯ ಮೇಲೆ ನಟಿ ತಲೆಯೆತ್ತಿದಳು. ತಾಲೀಮಿನಲ್ಲಿ ಯಾವತ್ತೂ ಹಾಗೆ ತಲೆಯೆತ್ತಿರಲಿಲ್ಲ. ಹಕ್ಕಿ ಕೂಗಿದತ್ತ ತಿರುಗಿ, ಉಸಿರು ಬಿಗಿಹಿಡಿದು ಕಾದಳು. ಇವಳೂ ಬೆಳಕನ್ನು ಅಲ್ಲೇ ತಡೆದು ಕಾದಳು. ಸಿಳ್ಳೆ ಬಂತು, ನಟಿಯ ಉಸಿರು ಹೊರಬಿತ್ತು, ಬೆಳಕು ಒಂದು ಎಳೆ ಏರಿತು. ಯಾರು ಯಾರನ್ನು ನಡೆಸುತ್ತಿದ್ದಾರೆ ಎಂದು ಹೇಳುವ ಹಾಗಿರಲಿಲ್ಲ. ನೀಲಿ ಬೂದಾಯಿತು, ಬೂದು ತಿಳಿಗುಲಾಬಿಯಾಯಿತು. ನೀರಿನ ಮೇಲೆ ಮೊದಲ ಹೊಂಬಣ್ಣ ಇಳಿಯಿತು. ಆ ಹೊಂಬಣ್ಣದಲ್ಲಿ ದೋಣಿಯ ಮೂತಿ ಕಂಡಿತು, ಅದರ ಹಿಂದೆ ಮಗಳ ಮುಖ.

ಅವಳು ಗುಂಡಿಯನ್ನು ಕೊನೆಯವರೆಗೂ ಎಳೆದಳು. ಇಡೀ ರಂಗ ಬೆಳಗಾಗಿಹೋಯಿತು.

ಚಪ್ಪಾಳೆ ಬಂತು. ಗಾಜು ನಡುಗಿತು. ಜನ ಎದ್ದು ನಿಂತರು. ಮೂರನೇ ಸಾಲಿನ ಬೂದು ಕೋಟು ವೇದಿಕೆಗೆ ಬೆನ್ನು ಹಾಕಿ, ಮೇಲಿನ ಗಾಜಿನ ಕೋಣೆಯತ್ತ ತಿರುಗಿ, ಎರಡೂ ಕೈ ತಲೆಯ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿತ್ತು.

ಅವನು ಮೇಜಿನ ಕೆಳಗಿಂದ ತೆವಳಿ ಎದ್ದ. ಅಂಗೈಯಲ್ಲಿ ಪ್ಲಗ್ಗಿನ ಅಚ್ಚು ಕೆಂಪಗೆ ಮೂಡಿತ್ತು. ತಲೆಗೂದಲಲ್ಲಿ ಧೂಳು.

“ಸುಳ್ಳು ಹೇಳಿದ್ರಿ,” ಅವಳೆಂದಳು. ಕಣ್ಣು ತುಂಬಿತ್ತು. “ಕಾಪಿ ಮುಗೀತು ಅಂದ್ರಿ.”

“ನಿಜ ಹೇಳಿದ್ರೆ ಹಬ್ ವಾಪಸ್ ಕೊಡ್ತಿದ್ರಿ.”

“ಹಕ್ಕಿ ಇಲ್ಲದೆ ಏನಾದ್ರೂ ಎಡವಟ್ಟಾಗಿದ್ರೆ? ಎಲ್ಲರೂ ನಿಮ್ಮನ್ನೇ ಬೈತಿದ್ರು.”

“ಬೈಲಿ. ನಾನು ಇವತ್ತಿನ ಷೋಗೆ ಅಂತ ಬಂದವನು. ಪ್ರವಾಸಕ್ಕೆ ಸೌಂಡ್ ಮಾಡೋಕೆ ಬೇರೆಯವರನ್ನ ಮಾತಾಡಿದಾರಂತೆ. ನಾಳೆಯಿಂದ ನನಗಿಲ್ಲಿ ಕೆಲಸ ಇಲ್ಲ. ನಿಮಗೆ ಇದೆ.” ಅವನು ಕೂದಲು ಕೊಡವಿಕೊಂಡ. “ಇಷ್ಟು ದಿನ ಪಕ್ಕದಲ್ಲಿ ಕೂತು ನೋಡಿದೀನಿ ಲೈಟ್ಸ್ ಮೇಡಂ. ಆ ಬೆಳಗು ತರುವಾಗ ನಿಮ್ಮ ಮುಖ ಹೇಗಿರುತ್ತೆ ಅಂತ ನಿಮಗೆ ಗೊತ್ತಿಲ್ಲ. ವೇದಿಕೆ ನೋಡೋಕೆ ಬರೋ ಜನಕ್ಕೆಲ್ಲ ಅದು ತಪ್ಪಿಹೋಗುತ್ತಲ್ಲ ಅಂತ ನನಗೆ ದಿನಾ ಅನ್ಸೋದು.”

ಕೆಳಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

“ಆಗ ‘ನೀನು’ ಅಂದಿದ್ರಿ,” ಅವಳೆಂದಳು.

“ಗಡಿಬಿಡಿಲಿ ಬಾಯಿ ತಪ್ಪಿ...”

“ಇನ್ನೊಂದು ಸಲ ಅನ್ನು.”

ಅವನು ಕೂದಲಿನ ಧೂಳನ್ನು ಮತ್ತೆ ಕೊಡವತೊಡಗಿದ.

“ಅನ್ನೋ,” ಎಂದಳು ಅವಳು, ನಗುತ್ತಾ ಅಳುತ್ತಾ. “ಒಂದು ತಿಂಗಳಿಂದ ಮುಖ ಊದಿಸ್ಕೊಂಡು ಓಡಾಡಿದೀನಿ. ಯಾಕೆ ಅಂತ ಇವತ್ತು ಗೊತ್ತಾಯ್ತು ನಂಗೆ. ನೀನು ನಾಳೆ ಬರಲ್ಲ ಅಂದ್ರೆ ಈ ಕೋಣೆಯಲ್ಲಿ ಎಷ್ಟು ಸಾಕೆಟ್ ಖಾಲಿ ಇದ್ರೆ ನಂಗೇನು? ನಂಗೆ ನೀನು ಬೇಕು. ಸೌಂಡು ಬೇರೆಯವರು ಮಾಡ್ಲಿ, ಯಾರಾದ್ರೂ ಮಾಡ್ಲಿ. ನೀನು ನನ್ನ ಪಕ್ಕದಲ್ಲಿ ಇರಬೇಕು.”

“ಇರ್ತೀನಿ,” ಎಂದ. “ನೀನು ಹೋಗು ಅನ್ನೋವರೆಗೂ ಇರ್ತೀನಿ.”

“ಅನ್ನಲ್ಲ.”

ಅವಳ ಕಿವಿಯ ಬಳಿ ಏನೋ ಗೊರಗೊರ ಎಂದಿತು.

“ಲೈಟ್ಸ್,” ಹೆಡ್‌ಸೆಟ್ಟಿನಲ್ಲಿ ರಂಗನಿರ್ವಾಹಕಿಯ ದನಿ, ಉಕ್ಕುವ ನಗುವನ್ನು ಅದುಮಿಕೊಂಡು. “ಲೈನ್ ಓಪನ್ ಇದೆ ಕಣಮ್ಮ. ಮೇಕಪ್ ರೂಮು, ಪರದೆ ಎಳೆಯೋರು, ಎಲ್ಲರೂ ಕೇಳಿಸ್ಕೊಂಡ್ವಿ. ನನಗಂತೂ ಒಪ್ಪಿಗೆ ಇದೆ. ಅವನ ಅಣ್ಣನಿಗೆ ನಾನು ಹೇಳ್ತೀನಿ. ಈಗ ಇಬ್ಬರೂ ಬೇಗ ಕೆಳಗೆ ಬನ್ನಿ, ಡೈರೆಕ್ಟರ್ ನಿಮ್ಮನ್ನ ವೇದಿಕೆಗೆ ಕರೀತಿದಾರೆ!”

ಇಬ್ಬರೂ ಬಾಯಿ ತೆರೆದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವಳು ಅವನ ಕೈ ಹಿಡಿದು ಮೆಟ್ಟಿಲಿಳಿದು ಓಡಿದಳು.

ವೇದಿಕೆಯ ಮೇಲೆ ಅವಳದೇ ಹೊಂಬೆಳಕು ಅವಳ ಮುಖಕ್ಕೆ ಬಿತ್ತು. ಅಷ್ಟು ದಿನ ಬೇರೆಯವರ ಮೇಲೆ ಸುರಿದಿದ್ದಳು; ಅದು ಚರ್ಮಕ್ಕೆ ಇಷ್ಟು ಬೆಚ್ಚಗೆ ತಾಗುತ್ತದೆಂದು ಗೊತ್ತೇ ಇರಲಿಲ್ಲ. ಡೈರೆಕ್ಟರ್ ಅವಳ ಭುಜ ತಟ್ಟಿ, ಸಭೆಗೆ ಕೇಳುವಂತೆ, “ಪ್ರವಾಸಕ್ಕೆ ಬೆಳಕು ಇವಳದೇ!” ಎಂದರು. ಪಕ್ಕದಿಂದ ತಾಯಿಯ ಪಾತ್ರದ ನಟಿ, “ಹಕ್ಕಿಯೂ ಅದೇ ಬರಬೇಕು, ಇಲ್ಲದಿದ್ದರೆ ನಾನು ಮೆಟ್ಟಿಲ ಮೇಲೆ ಕೂರೋದಿಲ್ಲ,” ಎಂದಳು. ಡೈರೆಕ್ಟರ್ ಜೋರಾಗಿ ನಕ್ಕು ಎರಡೂ ಕೈ ಎತ್ತಿ ಒಪ್ಪಿಕೊಂಡರು.

ಜನ ಕರಗುವ ಹೊತ್ತಿಗೆ ಅಪ್ಪ ಕಷ್ಟಪಟ್ಟು ಮೆಟ್ಟಿಲು ಹತ್ತಿ ವೇದಿಕೆಗೆ ಬಂದರು. ಮಗಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದರು.

“ನಾನು ಎಷ್ಟು ಬೆಳಗು ತಂದಿದೀನೋ ಲೆಕ್ಕ ಇಲ್ಲ ಮಗಳೇ,” ಎಂದರು. “ಹೀಗೆ ಒಂದೂ ಆಗಿರಲಿಲ್ಲ. ಅದಿರಲಿ, ಆ ಹಕ್ಕಿ ಯಾವುದೇ? ಅಂಥ ಕೂಗು ನಾನು ಯಾವತ್ತೂ ಕೇಳಿಲ್ಲ.”

ಅವಳು ಅವನನ್ನು ಮುಂದಕ್ಕೆ ಎಳೆದಳು. “ಇದೇ ಅಪ್ಪ, ಆ ಹಕ್ಕಿ.”

ಅಪ್ಪ ಅವನ ಧೂಳು ಮೆತ್ತಿದ ತಲೆಯನ್ನು ನೋಡಿದರು, ಮಂಡಿಯ ಮಣ್ಣನ್ನು ನೋಡಿದರು, ಇನ್ನೂ ಬಿಡಿಸದ ಇಬ್ಬರ ಕೈಗಳನ್ನು ನೋಡಿದರು. ಹುಬ್ಬು ಮೇಲೇರಿತು. ಮೀಸೆಯ ಅಂಚು ಅದರ ಹಿಂದೆಯೇ ಏರಿತು.

“ಎಲ್ಲಿ, ಇನ್ನೊಂದು ಸಲ ಕೂಗಪ್ಪಾ.”

ಅವನು ತುಟಿ ಮುಂದೆ ಮಾಡಿ ಊದಿದ. ಬರೀ ಗಾಳಿ ಬಂತು. ಮತ್ತೆ ಊದಿದ, ಈ ಸಲ ನಗು ಬಂದು ಗಾಳಿಯೂ ಕೆಟ್ಟಿತು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಪರದೆ ಎಳೆಯುವವರು ನಕ್ಕರು.

“ಈಗ ಬರಲ್ಲ ಅಪ್ಪ ಅವನಿಗೆ,” ಅವಳೆಂದಳು, ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. “ನಾಳೆ ಬೆಳಿಗ್ಗೆ ಮನೆಗೇ ಬರ್ತಾನೆ. ತಿಂಡಿಗೆ. ಆಗ ಕೂತ್ಕೊಂಡು ಎಷ್ಟು ಬೇಕೋ ಅಷ್ಟು ಕೇಳಿ.”